ಸುಸ್ತು ಹೋಯಿತು, ಆದರೂ ಕಬ್ಬಿಣದ ಮಾತ್ರೆ ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಜಮಖಂಡಿ ಹತ್ತಿರದ ಹಳ್ಳಿ. ಮಕ್ಕಳ ಜೊತೆ ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಏದುಸಿರು ಬಂತು, ಎದೆ ಡವಡವ ಅಂತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ಒಂದು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ. ಈಗ 10.4 ಇದೆ, ಸುಸ್ತೂ ಇಲ್ಲ. ಮಲ ಮಾತ್ರ ಕಪ್ಪಗೆ ಹೋಗುತ್ತಿದೆ. ಡಾಕ್ಟರು ಇನ್ನೂ ನಾಲ್ಕೈದು ತಿಂಗಳು ತಗೊಳ್ಳಿ ಅನ್ನುತ್ತಾರೆ. ಅತ್ತೆ, ‘ಮಾತ್ರೆ ಸಾಕು, ಬೀಟ್‌ರೂಟ್ ಬೆಲ್ಲ ತಿನ್ನು’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಡಾಕ್ಟರ ಮಾತು ಕೇಳಿ. ಯಾಕೆ ಅಂತ ಗೊತ್ತಾದರೆ ಅತ್ತೆಗೂ ನೀವೇ ಹೇಳಬಹುದು.

ರಕ್ತದ ಕೆಂಪು ಕಣಗಳು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ದೊಡ್ಡವರಲ್ಲಿ ಹೆಚ್ಚಾಗಿ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳಲ್ಲಿ. ಆರೋಗ್ಯವಂತರಲ್ಲಿ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ಹುಟ್ಟುತ್ತವೆ. ಒಂದೊಂದು ಕಣವೂ ರಕ್ತಕ್ಕೆ ಇಳಿಯುವ ಮೊದಲು ತನ್ನ ಕೋಶಕೇಂದ್ರವನ್ನೇ ಹೊರಗೆ ತಳ್ಳಿಬಿಡುತ್ತದೆ. ಹಾಗೆ ಖಾಲಿಯಾದ ಜಾಗದಲ್ಲೂ ಹಿಮೋಗ್ಲೋಬಿನ್ನೇ. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಒಂದೊಂದು ಅಣುವಿಗೂ 4 ಕಬ್ಬಿಣದ ಪರಮಾಣು. ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಅಂಟಿಕೊಳ್ಳುವುದು ಈ ಕಬ್ಬಿಣಕ್ಕೇ. ಕಬ್ಬಿಣ ಸಾಲದಿದ್ದರೆ ಕಣಗಳು ಚಿಕ್ಕದಾಗಿ, ಬಿಳಿಚಿಕೊಂಡು ಹುಟ್ಟುತ್ತವೆ. ಮೆಟ್ಟಿಲು ಹತ್ತುವಾಗ ಕಾಲಿನ ಸ್ನಾಯುಗಳು ಜಾಸ್ತಿ ಆಮ್ಲಜನಕ ಕೇಳುತ್ತವೆ. ಹೊರುವವರು ಕಡಿಮೆ ಇದ್ದಾಗ ಹೃದಯ ಓಡಲೇಬೇಕು. ನಿಮ್ಮ ಡವಡವ ಅದೇ.

ಆಮ್ಲಜನಕ ಸಾಲುತ್ತಿಲ್ಲ ಅಂತ ಮಜ್ಜೆಗೆ ಹೇಳಿಕಳಿಸುವುದು ಯಾರು ಗೊತ್ತಾ? ಮೂತ್ರಪಿಂಡ! ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಮಜ್ಜೆ ಕೆಲಸ ಜೋರು ಮಾಡುತ್ತದೆ. ಆದರೆ ಕಬ್ಬಿಣ ಇಲ್ಲದೆ ಎಷ್ಟು ಜೋರು ಮಾಡಿದರೂ ಸುಮ್ನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳನ್ನು ಹೆಚ್ಚಾಗಿ ಗುಲ್ಮ, ಯಕೃತ್ತುಗಳ ಕೋಶಗಳು ನುಂಗಿ, ಅದರ ಕಬ್ಬಿಣವನ್ನು ಮಜ್ಜೆಗೆ ವಾಪಸ್ ಕೊಡುತ್ತವೆ. ಹೀಗೆ ದಿನಕ್ಕೆ 20–25 ಮಿಲಿಗ್ರಾಂ ಒಳಗೊಳಗೇ ತಿರುಗುತ್ತದೆ. ಊಟದಿಂದ ಸಾಮಾನ್ಯವಾಗಿ ಒಳಗೆ ಹೋಗುವುದು ಬರೀ 1–2 ಮಿಲಿಗ್ರಾಂ. ತಿಂಗಳ ಮುಟ್ಟಿನಲ್ಲಿ ಹೋಗುವುದನ್ನು ಇಷ್ಟರಲ್ಲೇ ತುಂಬಿಸಬೇಕು, ಕಷ್ಟ ಅಲ್ವಾ? ಯಕೃತ್ತಿನಲ್ಲಿ ಫೆರಿಟಿನ್ ರೂಪದ ಕಬ್ಬಿಣದ ದಾಸ್ತಾನು ಇರುತ್ತದೆ, ನಮ್ಮ ಕಡೆ ಜೋಳ ತುಂಬಿಡುವ ಹಗೇವಿನ ಹಾಗೆ. ನಿಮ್ಮ ಹಿಮೋಗ್ಲೋಬಿನ್ 8.6ಕ್ಕೆ ಇಳಿಯುವ ಮೊದಲೇ ಅದು ಬರಿದಾಗಿರುತ್ತದೆ. ಮಾತ್ರೆಯ ಕಬ್ಬಿಣದಲ್ಲಿ ಮೊದಲ ಪಾಲು ಹೊಸ ಕಣಗಳಿಗೆ ಹೋಗುತ್ತದೆ. ಅದಕ್ಕೇ ಬೇಗ ಚೇತರಿಕೆ ಕಂಡಿತು. ದಾಸ್ತಾನು ತುಂಬುವುದು ಆಮೇಲೆ. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಸುಮಾರು 3 ತಿಂಗಳು ಮಾತ್ರೆ ಬೇಕು ಅನ್ನುವುದು ಇದಕ್ಕೇ. ಈಗ ಬಿಟ್ಟರೆ ಮುಂದಿನ ವರ್ಷ ಮತ್ತೆ ಅದೇ ಏದುಸಿರು.

ಬೀಟ್‌ರೂಟಿನ ಬಣ್ಣಕ್ಕೂ ರಕ್ತಕ್ಕೂ ಸಂಬಂಧ ಇಲ್ಲ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಇದೆ, ಆದರೆ ಈ ಕೊರತೆ ತುಂಬುವಷ್ಟು ಬೆಲ್ಲ ತಿಂದರೆ ಬೇರೆ ತೊಂದರೆ ಶುರುವಾಗುತ್ತದೆ. ಅತ್ತೆಯ ಮನಸ್ಸು ನೋಯಿಸಬೇಡಿ, ಎರಡನ್ನೂ ತಿನ್ನಿ, ಮಾತ್ರೆ ಬಿಡಬೇಡಿ. ರೊಟ್ಟಿ, ಪಲ್ಯ, ಕಾಳಿನಲ್ಲಿರುವ ಕಬ್ಬಿಣ ಕರುಳಿಗೆ ಅಷ್ಟು ಸುಲಭವಾಗಿ ಹೀರಿಕೊಳ್ಳಲು ಬರುವುದಿಲ್ಲ. ಮೇಲೆ ನಿಂಬೆಹಣ್ಣು ಹಿಂಡಿದರೆ ವಿಟಮಿನ್ ಸಿ ಸಹಾಯ ಮಾಡುತ್ತದೆ. ಇಂಡಿ ನಿಂಬೆ ಪಕ್ಕದಲ್ಲೇ ಸಿಗುತ್ತದೆ, ಬಳಸಿ. ಊಟ ಆದ ಕೂಡಲೇ ಚಹಾ ಕುಡಿಯುವ ಚಟ ಮಾತ್ರ ಬಿಡಿ, ಮಾತ್ರೆ ನುಂಗಿದಾಗಲಂತೂ ಒಂದೆರಡು ಗಂಟೆ ಬೇಡವೇ ಬೇಡ. ಹಾಲು, ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು.

ಮಲ ಕಪ್ಪಗಾಗುವುದು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಭಯ ಬೇಡ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಹೊಟ್ಟೆಯೊಳಗೆ ರಕ್ತಸ್ರಾವ ಇರಬಹುದು, ಆಗ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು ನೀವು ಬರೆದಿಲ್ಲ: ಮುಟ್ಟು ಎಷ್ಟು ದಿನ, ಎಷ್ಟು ಜೋರು? ಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತೀರಾ? ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಗೆ ಹೋಗಿ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮುಂದಿನ ಸಲ ಹೋದಾಗ ಡಾಕ್ಟರಿಗೆ ಈ ಎರಡನ್ನೂ ಹೇಳಿ.