ಬೆಂಜ್ ಕಾರಿನ ಊರಿಗೆ ಬರುವವರಿಗೆ

ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಅಕ್ಟೋಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಸಿಂಡೆಲ್‌ಫಿಂಗೆನ್‌ಗೆ ಬರುತ್ತಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಇಲ್ಲಿನ ಬದುಕು ಹೇಗೆ, ಸಂಬಳ ಸಾಕಾಗುತ್ತದೆಯೇ ಎಂದು ಒಂದೇ ಸಾಲಿನಲ್ಲಿ ಕೇಳಿ, ಉಳಿದ ಪತ್ರವನ್ನೆಲ್ಲ ಬೆಂಜ್ ಕಾರಿಗೆ ಮೀಸಲಿಟ್ಟಿದ್ದೀರಿ. ಅದಕ್ಕೆ ಜಗತ್ತಿನಲ್ಲೆಲ್ಲ ಅಷ್ಟು ಹೆಸರು ಬಂದದ್ದು ಹೇಗೆ, ಅದರ ತವರಿನಲ್ಲೇ ದುಡಿಯುವವರು ಮೊದಲ ವರ್ಷವೇ ಒಂದನ್ನು ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಅಕ್ಕ ಎಂದು ಕರೆದಿದ್ದೀರಿ, ಅಕ್ಕನ ಸಲುಗೆಯಿಂದಲೇ ಹೇಳುತ್ತೇನೆ: ಮೊದಲ ವರ್ಷ ಬೇಡ. ಹಣದ ಮಾತನ್ನು ಆಮೇಲೆ ಆಡೋಣ. ಮೊದಲು ಈ ಕಾರನ್ನು ಇಲ್ಲಿನವರು ಹೇಗೆ ನೋಡುತ್ತಾರೆ ಎಂಬುದು ನಿಮಗೆ ಗೊತ್ತಿರಲಿ.

ನಮ್ಮಲ್ಲಿ ಬೆಂಜ್ ಎಂದರೆ ಮಂತ್ರಿಯೋ, ಸಿನಿಮಾ ನಟನೋ, ಸೈಟು ವ್ಯಾಪಾರದಲ್ಲಿ ಕೈತುಂಬ ಮಾಡಿಕೊಂಡವನೋ ಇಳಿಯುವ ಕಾರು. ಇಲ್ಲಿ ಅದು ಪಕ್ಕದ ಮನೆಯವರು ನಸುಕಿನಲ್ಲೇ ಎದ್ದು, ಪಾಳಿಗೆ ಹೋಗಿ ಜೋಡಿಸಿ ಬರುವ ವಸ್ತು. ಹಳಬರು ಮರ್ಸಿಡಿಸ್ ಎನ್ನುವುದೂ ಇಲ್ಲ. 'ಡೈಮ್ಲರ್‌ನಲ್ಲಿ ಇದ್ದೇನೆ' ಎನ್ನುತ್ತಾರೆ. 2022ರಲ್ಲಿ ಕಂಪನಿಯೇ ಹೆಸರನ್ನು ಮರ್ಸಿಡಿಸ್ ಬೆಂಜ್ ಗ್ರೂಪ್ ಎಂದು ಬದಲಿಸಿಕೊಂಡರೂ ಅವರ ಬಾಯಿಗೆ ಅದು ಇನ್ನೂ ಬಂದಿಲ್ಲ. ನೀವು ಬರುವ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರ್ಖಾನೆ 1915ರಿಂದ ಇದೆ. ಒಂದು ಕಾಲದಲ್ಲಿ ಆ ಕಾರ್ಖಾನೆಯ ತೆರಿಗೆಯಿಂದ ನಗರಸಭೆಗೆ ಎಷ್ಟು ಹಣ ಬರುತ್ತಿತ್ತೆಂದರೆ, ರಸ್ತೆ ದಾಟುವ ಜೀಬ್ರಾ ಪಟ್ಟಿಗೆ ಬಿಳಿ ಬಣ್ಣದ ಬದಲು ಅಮೃತಶಿಲೆಯನ್ನೇ ಹಾಸಿದರು. ಜಿಪುಣತನಕ್ಕೆ ಜರ್ಮನಿಯಲ್ಲೆಲ್ಲ ನಗೆಪಾಟಲಾದ ಸ್ವೇಬಿಯನ್ನರ, ಅಂದರೆ ಈ ಸೀಮೆಯ ಜನರ, ಊರಿನಲ್ಲಿ ಇಂಥ ದರ್ಬಾರು! ಈಗ ಅದೇ ನಗರಸಭೆ ಖರ್ಚು ಹಿಡಿದು ನಡೆಸುವ ಸ್ಥಿತಿಗೆ ಬಂದಿದೆ. ಕಾರು ಮಾರಾಟವಾದರೆ ಊರಿಗೆ ಹಬ್ಬ, ಇಲ್ಲದಿದ್ದರೆ ಈಜುಕೊಳದ ಸಮಯಕ್ಕೂ ಕತ್ತರಿ.

ಇನ್ನು ಚರಿತ್ರೆ. ಇದು ಎರಡು ಊರುಗಳ ಕಥೆ. ಮಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಪೇಟೆಂಟ್ ಸಂಖ್ಯೆ 37435. ಮುಕ್ಕಾಲು ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು 16 ಕಿ.ಮೀ. ವೇಗ. ಅದೇ ಹೊತ್ತಿಗೆ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ ತಮ್ಮ ತೋಟದ ಗಾಜಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಗಲೂ ರಾತ್ರಿ ಕುಟ್ಟುತ್ತಿದ್ದರು. ಒಳಗೆ ಖೋಟಾ ನಾಣ್ಯ ಟಂಕಿಸುತ್ತಿದ್ದಾರೆಂದು ತೋಟದ ಮಾಲಿ ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಒಳಹೊಕ್ಕು ನೋಡಿದರೆ ಸಿಕ್ಕಿದ್ದು ಎಂಜಿನ್ನಿನ ಬಿಡಿಭಾಗಗಳು. ಆ ಗಾಜಿನ ಮನೆ ಕಾನ್‌ಸ್ಟಾಟ್‌ನ ಉದ್ಯಾನದಲ್ಲಿ ಇಂದಿಗೂ ಇದೆ. ಸ್ಟುಟ್‌ಗಾರ್ಟ್‌ನಲ್ಲಿರುವ ಕಂಪನಿಯ ದೊಡ್ಡ ಮ್ಯೂಸಿಯಂಗಿಂತ ಮೊದಲು ಅದನ್ನು ನೋಡಿ ಎನ್ನುವುದು ನನ್ನ ಸಲಹೆ. ನಮ್ಮಲ್ಲಿ ಹಿತ್ತಿಲಿನ ಸೌದೆ ಕೊಟ್ಟಿಗೆ ಅಷ್ಟು ದೊಡ್ಡದಿರುತ್ತದೆ.

ಆದರೆ ಈ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನವರು ಬರ್ಥಾ ಬೆಂಜ್. ಮದುವೆಗೆ ಮುಂಚೆಯೇ ತನಗೆ ಬರಬೇಕಾದ ವರದಕ್ಷಿಣೆಯ ಹಣವನ್ನು ತಂದೆಯಿಂದ ಕೇಳಿ ಪಡೆದು, ಕಾರ್ಲ್‌ನ ಮುಳುಗುತ್ತಿದ್ದ ಕಾರ್ಖಾನೆಗೆ ಸುರಿದವರು. ಗಾಡಿ ಸಿದ್ಧವಾಗಿ ಎರಡು ವರ್ಷವಾದರೂ ಕೊಳ್ಳುವವರಿರಲಿಲ್ಲ. ಗಂಡನಿಗೋ ಯಾವಾಗಲೂ ಇನ್ನೊಂದು ತಿದ್ದುಪಡಿ ಬಾಕಿ. 1888ರ ಆಗಸ್ಟಿನ ಒಂದು ಬೆಳಿಗ್ಗೆ, ಗಂಡನಿಗೆ ಹೇಳದೆ, ಇಬ್ಬರು ಹುಡುಗರಾದ ಓಯ್ಗೆನ್ ಮತ್ತು ರಿಚರ್ಡ್‌ನನ್ನು ಕೂರಿಸಿಕೊಂಡು ಬರ್ಥಾ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟರು. ದೂರ ನೂರು ಕಿಲೋಮೀಟರಿಗೂ ಹೆಚ್ಚು. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಇಟ್ಟಿದ್ದ ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರಾವಕ ಕೊಂಡು ಟ್ಯಾಂಕಿಗೆ ಸುರಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಮರದ ಬ್ರೇಕ್ ಸವೆದು ಇಳಿಜಾರಿನಲ್ಲಿ ಹಿಡಿಯದಾದಾಗ ದಾರಿಯ ಮೋಚಿಯೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದರು. ಏರು ಸಿಕ್ಕಾಗ ಇಳಿದು ತಳ್ಳಿದರು. ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳುಹಿಸಿದರು. ವಾಪಸು ಬಂದ ಮೇಲೆ ಅವರು ಕೊಟ್ಟ ವರದಿ ಚುಟುಕಾಗಿತ್ತು: ಏರಿಗೆ ಇನ್ನೊಂದು ಗೇರ್ ಬೇಕು. ಕಾರ್ಲ್ ಹಾಕಿದರು. ವಾಹನ ಉದ್ಯಮದ ಮೊದಲ ರಸ್ತೆ ಪರೀಕ್ಷೆ ಇದೇ ಎಂದು ನನಗನ್ನಿಸುತ್ತದೆ. ನೀವು ಪರೀಕ್ಷಾ ವಿಭಾಗಕ್ಕೇ ಬರುತ್ತಿರುವುದರಿಂದ ಅವರನ್ನು ನಿಮ್ಮ ಕುಲದೇವತೆ ಎಂದುಕೊಂಡರೂ ತಪ್ಪಿಲ್ಲ.

ಮರ್ಸಿಡಿಸ್ ಎಂಬ ಹೆಸರು ಬಂದದ್ದು ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯಿಂದ. ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಶ್ರೀಮಂತರಿಗೆ ಡೈಮ್ಲರ್ ಕಾರು ಮಾರುತ್ತಿದ್ದವನು. ರೇಸಿನ ಹುಚ್ಚು ಬೇರೆ. ಎತ್ತರದ ಗಾಡಿಯಂಥ ಕಾರುಗಳು ತಿರುವಿನಲ್ಲಿ ಮಗುಚುವುದನ್ನು ಕಂಡು, ತಗ್ಗಾದ, ಉದ್ದನೆಯ, ಬಲವಾದ ಕಾರು ಮಾಡಿಕೊಟ್ಟರೆ 36 ಕಾರು ಕೊಳ್ಳುತ್ತೇನೆ, ಆದರೆ ಅದಕ್ಕೆ ನನ್ನ ಮಗಳ ಹೆಸರಿಡಬೇಕು ಎಂದ. ಮೇಬ್ಯಾಕ್ ಮಾಡಿಕೊಟ್ಟ 35 ಅಶ್ವಶಕ್ತಿಯ ಆ ಕಾರು 1901ರ ನೀಸ್ ರೇಸ್ ವಾರದಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ಕುದುರೆಗಾಡಿಯ ಛಾಯೆ ಕಳಚಿ ಕಾರು ಕಾರಿನಂತೆ ಕಾಣತೊಡಗಿದ್ದು ಅಲ್ಲಿಂದ. ಮೊದಲ ಮಹಾಯುದ್ಧ, ಹಣದುಬ್ಬರ ಎರಡೂ ಸೇರಿ ಹಿಂಡಿದ ಮೇಲೆ 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ವಿಲೀನವಾದವು. ಬೆಂಜ್ ಇದ್ದ ಬಾಡೆನ್ ಮತ್ತು ಡೈಮ್ಲರ್ ಇದ್ದ ವ್ಯುರ್ಟೆಂಬರ್ಗ್ ಸೀಮೆಗಳು ಒಂದೇ ರಾಜ್ಯವಾದದ್ದು 1952ರಲ್ಲಿ. ಅಂದರೆ ರಾಜ್ಯದ ಏಕೀಕರಣಕ್ಕೆ 26 ವರ್ಷ ಮೊದಲೇ ಕಾರುಗಳ ಏಕೀಕರಣ ಮುಗಿದಿತ್ತು!

ಯೆಲಿನೆಕ್ ಯಹೂದಿ ಧರ್ಮಗುರುವೊಬ್ಬರ ಮಗ. ಆತನ ಮಗಳ ಹೆಸರು ಹೊತ್ತ ತೆರೆದ ಕಾರಿನಲ್ಲೇ ಹಿಟ್ಲರ್ ನಿಂತು ಮೆರವಣಿಗೆ ಹೊರಟದ್ದು. ಇದನ್ನು ಕಂಪನಿಯ ಮ್ಯೂಸಿಯಂ ಮುಚ್ಚಿಟ್ಟಿಲ್ಲ. ಯುದ್ಧಕಾಲದಲ್ಲಿ ಕಂಪನಿಯ ಕಾರ್ಖಾನೆಗಳಲ್ಲಿ ವಿಮಾನದ ಎಂಜಿನ್, ಸೇನೆಯ ಲಾರಿಗಳು ತಯಾರಾದವು. 1944ರಲ್ಲಿ ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಲವಂತದ ಕೂಲಿಗಳು, ಯುದ್ಧಕೈದಿಗಳು, ಯಾತನಾ ಶಿಬಿರಗಳಿಂದ ಕರೆತಂದವರು. ಪರಿಹಾರವೆಂದು ಕಂಪನಿ 2 ಕೋಟಿ ಮಾರ್ಕ್ ಕೊಟ್ಟದ್ದು 1988ರಲ್ಲಿ, ಬಹುಪಾಲು ಜನ ತೀರಿಹೋದ ಮೇಲೆ. ಕಾರಿನ ಅಭಿಮಾನಿಗಳು ಈ ಪುಟವನ್ನು ಬೇಗ ಮಗುಚುತ್ತಾರೆ. ನೀವು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಇಲ್ಲಿ ಕಚೇರಿಯ ಊಟದ ಮೇಜಿನಲ್ಲಿ ಹಿಟ್ಲರನ ಬಗ್ಗೆ ತಮಾಷೆ ಯಾಕೆ ನಡೆಯುವುದಿಲ್ಲ ಎಂಬುದು ಆಗ ಯಾರೂ ಹೇಳದೆಯೇ ಅರ್ಥವಾಗುತ್ತದೆ.

ಅದಿರಲಿ, ಯುದ್ಧದ ಬಳಿಕ ಈ ಕಾರಿಗೆ ಮತ್ತೆ ಹೆಸರು ಬಂತಲ್ಲ, ಅದಕ್ಕೆ ಕಾರಣ ರೆಕ್ಕೆ ಬಿಚ್ಚುವ ಬಾಗಿಲಿನ 300 ಎಸ್‌ಎಲ್ ಎಂದು ಎಲ್ಲರೂ ಹೇಳುತ್ತಾರೆ. 1954ರ ಆ ಕಾರು ಸುಂದರವೇ, ಒಪ್ಪುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಹೆಸರು ಗಳಿಸಿಕೊಟ್ಟದ್ದು ಟ್ಯಾಕ್ಸಿಗಳು. ನಮ್ಮ ಕೆಳಗಿನ ಮನೆಯಲ್ಲಿ ಸಿಂಡೆಲ್‌ಫಿಂಗೆನ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಬಳಿ 240ಡಿ ಡೀಸೆಲ್ ಕಾರು ಇದೆ, 1976ರಿಂದ 1985ರವರೆಗೆ ಸುಮಾರು 27 ಲಕ್ಷ ತಯಾರಾದ ಡಬ್ಲ್ಯು 123 ಮಾದರಿಯದು. ಜರ್ಮನಿಯ ಟ್ಯಾಕ್ಸಿ ನಿಲ್ದಾಣಗಳಲ್ಲಿ ದಂತದ ಬಣ್ಣ ಬಳಿದುಕೊಂಡು ನಿಂತಿರುತ್ತಿದ್ದ ಮಾದರಿ. ಆಮೇಲೆ ಮೊರಾಕೊ ಕಡೆಗೆ ಹೋಗಿ ದಶಕಗಟ್ಟಲೆ ಅಲ್ಲೂ ಬಾಡಿಗೆ ಓಡಿತು. ಒಮ್ಮೆ ಆ ಹಿರಿಯರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕೀಲಿ ತಿರುಗಿಸಿ, ಹಳದಿ ದೀಪ ಆರುವ ತನಕ ಸುಮ್ಮನೆ ಕುಳಿತರು. ಡೀಸೆಲ್ ಬಿಸಿಯಾಗಬೇಕಲ್ಲ. ಎಂಜಿನ್ ಗಡಗಡಿಸಿತು. ವೇಗವೆಂಬುದು ಅದರ ಜಾತಕದಲ್ಲೇ ಇಲ್ಲ. ಆದರೆ ಬಾಗಿಲು ಮುಚ್ಚಿದಾಗ ಬರುವ ಸದ್ದು ಇದೆಯಲ್ಲ, ಬ್ಯಾಂಕಿನ ತಿಜೋರಿಯ ಬಾಗಿಲಿನಂಥ ಆ ಒಂದೇ ಏಟು, ಅದನ್ನು ಕೇಳಿಸಲೆಂದೇ ಅವರು ನನ್ನಿಂದ ಎರಡು ಬಾರಿ ಬಾಗಿಲು ಹಾಕಿಸಿದರು. 'ಈ ಬಾಗಿಲಿನ ಸಂದು ಸರಿಮಾಡುವುದೇ ನನ್ನ ಕೆಲಸವಾಗಿತ್ತು' ಎಂದರು. ಅಷ್ಟೇ. ಹೊಗಳಿಕೊಳ್ಳುವುದು ಈ ಜನಕ್ಕೆ ಗೊತ್ತಿಲ್ಲ, ಬೇರೆಯವರನ್ನು ಹೊಗಳುವುದಂತೂ ಇನ್ನೂ ಗೊತ್ತಿಲ್ಲ. ಬೈಯಲಿಲ್ಲವೆಂದರೆ ಅದೇ ಹೊಗಳಿಕೆ ಎಂಬ ಗಾದೆಯೇ ಇಲ್ಲಿದೆ. ಕಚೇರಿಯಲ್ಲಿ ಮೊದಲ ಆರು ತಿಂಗಳು ಇದನ್ನು ನೆನಪಿಟ್ಟುಕೊಂಡರೆ ನಿಮಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಇದೇ ಸಿಂಡೆಲ್‌ಫಿಂಗೆನ್‌ನಲ್ಲಿ ಬೇಲಾ ಬಾರೆನ್ಯಿ ಎಂಬ ಎಂಜಿನಿಯರ್ ಇದ್ದರು. ಕಾರು ಗಟ್ಟಿಯಾದಷ್ಟೂ ಸುರಕ್ಷಿತ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಾಗಿದ್ದು ಮುಂದಿನ ಹಿಂದಿನ ಭಾಗಗಳು ನಜ್ಜುಗುಜ್ಜಾಗಬೇಕು, ಪೆಟ್ಟನ್ನು ಅವೇ ನುಂಗಬೇಕು ಎಂದು ಹೇಳಿದವರು. 1959ರಲ್ಲಿ ಅಂಥ ಮೊದಲ ಕಾರು ರಸ್ತೆಗಿಳಿಯಿತು. ಇಂದು ನಿಮ್ಮ ಮಾರುತಿಯೂ ಅದೇ ಸೂತ್ರದ ಮೇಲೆ ನಿಂತಿದೆ. 1978ರಲ್ಲಿ ಬಾಷ್ ಕಂಪನಿ ಜೊತೆ ಸೇರಿ ತಂದ, ಗಟ್ಟಿಯಾಗಿ ಒತ್ತಿದರೂ ಚಕ್ರ ಕಚ್ಚಿಕೊಳ್ಳದ ಎಬಿಎಸ್ ಬ್ರೇಕ್ ಕೂಡ ಹೀಗೆಯೇ ದುಬಾರಿ ಎಸ್ ಕ್ಲಾಸ್‌ನಿಂದ ಇಳಿದು ನಮ್ಮ ಬೈಕಿನವರೆಗೆ ಬಂತು. (ಬಾಷ್‌ನದೇ ಆದ ಆಡುಗೋಡಿಯ ಮೈಕೋ ಕಾರ್ಖಾನೆಯ ತವರೂ ಇದೇ ಸ್ಟುಟ್‌ಗಾರ್ಟ್ ಎಂಬುದು ಬೆಂಗಳೂರಿನ ನಿಮಗೆ ಹೇಳಬೇಕಾಗಿಲ್ಲ.) ಎಡವಿದ್ದೂ ಉಂಟು. 1997ರಲ್ಲಿ ಹೊಸ ಎ ಕ್ಲಾಸ್ ಕಾರು ಸ್ವೀಡನ್ನಿನ ಪತ್ರಕರ್ತರ ಪರೀಕ್ಷೆಯಲ್ಲಿ, ರಸ್ತೆಗೆ ಅಡ್ಡ ಬಂದ ಕಡವೆಯನ್ನು ತಪ್ಪಿಸುವಂತೆ ತಿರುಗಿಸಿದಾಗ, ಮಗುಚಿಬಿತ್ತು. ಮೊದಲು ಗೊಣಗಿದ ಕಂಪನಿ ಆಮೇಲೆ ಮಾರಾಟ ನಿಲ್ಲಿಸಿ, ಕಾರು ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಯನ್ನು ಆ ಪುಟ್ಟ ಕಾರಿನಲ್ಲೂ ಕಡ್ಡಾಯವಾಗಿ ಅಳವಡಿಸಿತು. ನನಗೆ ಈ ಕಾರಿನ ಆಕರ್ಷಣೆ ಇರುವುದು ಇಂಥಲ್ಲಿ. ಈಗಿನ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹೊಳೆಯುವ ಪರದೆ ನೋಡಿದರೆ ಮದುವೆ ಛತ್ರದ ಸೀರಿಯಲ್ ಸೆಟ್ಟಿನ ನೆನಪಾಗುತ್ತದೆ, ಕ್ಷಮಿಸಿ.

ಈಗ ಹಣದ ವಿಷಯ. ಇಲ್ಲಿ ಬಂದಿಳಿದ ದಿನ ರಸ್ತೆ ತುಂಬ ಬೆಂಜ್ ಕಂಡು ಎಲ್ಲರೂ ಸಿರಿವಂತರು ಎಂದುಕೊಳ್ಳಬೇಡಿ. ಜರ್ಮನಿಯಲ್ಲಿ ನೋಂದಣಿಯಾಗುವ ಹೊಸ ಕಾರುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕಂಪನಿಗಳ ಹೆಸರಿನವು. ಕಂಪನಿ ಕೊಟ್ಟ ಕಾರನ್ನು ಮನೆಗೂ ಬಳಸಿದರೆ, ಅದರ ಪಟ್ಟಿ ಬೆಲೆಯ ಶೇ 1ರಷ್ಟನ್ನು ಪ್ರತಿ ತಿಂಗಳೂ ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ವಿದ್ಯುತ್ ಕಾರಿಗೆ ಇದು ಕಡಿಮೆ. ಇನ್ನು ಕಾರ್ಖಾನೆಯ ನೌಕರರು ರಿಯಾಯಿತಿಯಲ್ಲಿ ಕೊಂಡು ವರ್ಷ ಓಡಿಸಿ ಮಾರುವ 'ಯಾರೆಸ್‌ವಾಗನ್' ಕಾರುಗಳು ಇಲ್ಲಿ ಹೇರಳ. ಮುಂದೆ ಕೊಳ್ಳುವ ಮನಸ್ಸಾದರೆ ಅಂಥದ್ದನ್ನೇ ನೋಡಿ. ಮೊದಲ ವರ್ಷ ವಿಮೆಯವರು ನಿಮ್ಮನ್ನು ಹೊಸ ಚಾಲಕನ ದರದಲ್ಲಿ ಹಿಡಿಯುತ್ತಾರೆ, ಬೆಂಗಳೂರಿನ ಅನುಭವ ಅವರ ಲೆಕ್ಕಕ್ಕಿಲ್ಲ. ಚಳಿಗಾಲದ ಟೈರಿನ ಸೆಟ್ಟು ಬೇರೆ ಬೇಕು. ಎರಡು ವರ್ಷಕ್ಕೊಮ್ಮೆ ತಾಂತ್ರಿಕ ತಪಾಸಣೆ ಇದೆ, ಅಲ್ಲಿ ಸಣ್ಣ ತುಕ್ಕಿಗೂ ಮುಲಾಜಿಲ್ಲ.

ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಕರಾರುಪತ್ರದಲ್ಲೇ ಇದೆ. ನಿಮ್ಮದು ಕಾರು ಕಂಪನಿಯ ನೇರ ನೌಕರಿಯಲ್ಲ, ಅದಕ್ಕೆ ಸೇವೆ ಒದಗಿಸುವ ಸಂಸ್ಥೆಯದು. ನೇರ ನೌಕರರಿಗೆ ಲೋಹ ಕಾರ್ಮಿಕರ ಸಂಘದ ಒಪ್ಪಂದದಂತೆ ವಾರಕ್ಕೆ 35 ಗಂಟೆ ಕೆಲಸ, ಕೈಬಿಡುವುದೂ ಸುಲಭವಲ್ಲ. ನಿಮ್ಮಂಥ ಕರಾರಿನಲ್ಲಿ ಸಾಮಾನ್ಯವಾಗಿ 40 ಗಂಟೆ, ಮೊದಲ ಆರು ತಿಂಗಳು ಪರೀಕ್ಷಾರ್ಥ ಅವಧಿ. ಚೀನಾದಲ್ಲಿ ಮಾರಾಟ ಕುಸಿದು, ವಿದ್ಯುತ್ ಕಾರಿನ ಕಡೆ ಹೊರಳುವುದೂ ತಡವಾಗಿ, ಈ ಸೀಮೆಯ ಉದ್ಯಮವೇ ಈಗ ಉಸಿರು ಬಿಗಿಹಿಡಿದು ಕುಳಿತಿದೆ. ಖರ್ಚು ಕಡಿತ ಬಂದರೆ ಮೊದಲು ಕತ್ತರಿ ಬೀಳುವುದು ಹೊರಗುತ್ತಿಗೆಗೆ. ಹೆದರಿಸಲು ಹೇಳುತ್ತಿಲ್ಲ. ಆದರೆ ಕಾರಿನ ಕಂತಿಗೆ ಸಹಿ ಹಾಕುವ ಮೊದಲು ಜರ್ಮನ್ ಭಾಷೆಯ ತರಗತಿಗೆ ಹಣ ಕಟ್ಟಿ. ಇಂಗ್ಲಿಷಿನಿಂದ ಕೆಲಸ ಸಿಗಬಹುದು, ಸಭೆಯಲ್ಲಿ ನಿಜವಾದ ತೀರ್ಮಾನ ಆಗುವುದು ಸ್ವೇಬಿಯನ್ ಆಡುಮಾತಿನಲ್ಲಿ.

ಓಡಾಟಕ್ಕೆ ತೊಂದರೆಯಿಲ್ಲ. ಎಸ್1 ರೈಲು ಹೆರೆನ್‌ಬರ್ಗ್‌ನಿಂದ ನಿಮ್ಮ ಪಕ್ಕದೂರಾದ ಬೋಬ್ಲಿಂಗೆನ್, ಸ್ಟುಟ್‌ಗಾರ್ಟ್ ದಾಟಿ ಕಾನ್‌ಸ್ಟಾಟ್, ಉಂಟರ್‌ಟ್ಯುರ್ಕ್‌ಹೈಮ್ ಕಡೆಗೆ ಹೋಗುತ್ತದೆ. ಕಾರಿನ ಚರಿತ್ರೆಯ ಅರ್ಧವನ್ನು ರೈಲಿನಲ್ಲೇ ನೋಡಬಹುದು. ಮ್ಯೂಸಿಯಂಗೆ ಸೋಮವಾರ ರಜೆ. ಲಿಫ್ಟಿನಲ್ಲಿ ಮೇಲಕ್ಕೆ ಹೋಗಿ ಸುರುಳಿಯಲ್ಲಿ ನಡೆದು ಇಳಿಯಬೇಕು. ಮೇಲಿನ ತುದಿಯಲ್ಲಿ ನಿಮ್ಮನ್ನು ಎದುರುಗೊಳ್ಳುವುದು ಕಾರಲ್ಲ, ಒಂದು ಬಿಳಿ ಕುದುರೆ. ಇನ್ನೊಂದು ದಿನ ಟ್ಯುಬಿಂಗೆನ್‌ಗೆ ಹೋಗಿ ಬನ್ನಿ. ಕನ್ನಡದ ನಿಘಂಟು ಕಟ್ಟಿದ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಇಲ್ಲಿಗೆ ಬಂದ ಕನ್ನಡಿಗರು ಬೆಂಜ್ ಮ್ಯೂಸಿಯಂಗೆ ನೆಂಟರನ್ನೆಲ್ಲ ಕರೆದೊಯ್ಯುತ್ತಾರೆ, ಟ್ಯುಬಿಂಗೆನ್‌ಗೆ ಯಾರನ್ನೂ ಕರೆದೊಯ್ಯುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಕೊನೆಯದಾಗಿ ಲೈಸೆನ್ಸ್. ನಮ್ಮ ದೇಶದ ಚಾಲನಾ ಪರವಾನಗಿ ಇಲ್ಲಿ ವಾಸ ಹೂಡಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡರಲ್ಲೂ ಪಾಸಾಗಲೇಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲೂ ಉಂಟು. ಕಚೇರಿಯ ಕೆಲಸ ನಿಧಾನ, ಹಾಗಾಗಿ ಬಂದ ಮೊದಲ ತಿಂಗಳೇ ಡ್ರೈವಿಂಗ್ ಶಾಲೆಗೆ ಹೆಸರು ಕೊಡಿ, ನಿಮ್ಮ ಮನೆಯವರದನ್ನೂ ಅದೇ ದಿನ ಕೊಡಿಸಿ. ನಮ್ಮವರು ಅನುತ್ತೀರ್ಣರಾಗುವುದು ಹೆಚ್ಚಾಗಿ ಎರಡೇ ಕಡೆ: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡದಿರುವುದು, ತಿರುಗುವ ಮುನ್ನ ಕನ್ನಡಿ ನೋಡಿದ ಮೇಲೂ ಕುತ್ತಿಗೆ ಹೊರಳಿಸಿ ಭುಜದ ಆಚೆ ನೋಡದಿರುವುದು. ಎರಡನೆಯದನ್ನು ಬೆಂಗಳೂರಿನಲ್ಲೇ ಅಭ್ಯಾಸ ಮಾಡಿಕೊಂಡು ಬನ್ನಿ. ಮೊದಲನೆಯದನ್ನು ಅಲ್ಲಿ ಅಭ್ಯಾಸ ಮಾಡಲು ಹೋಗಬೇಡಿ, ಹಿಂದಿನವರು ಹಾರ್ನ್ ಹೊಡೆದು ಸಾಯಿಸುತ್ತಾರೆ.