ಎರಡು ತಾಕು, ಎಂಬತ್ತು ಗಿಡ, ಪಿ ಮೌಲ್ಯ 0.03: ಗೊಬ್ಬರದ ಪ್ರಯೋಗದ ಬಗ್ಗೆ ಉತ್ತರ

ನಮಸ್ಕಾರ. ತಾವು ಕೇಳಿರುವುದು ಇಷ್ಟು: ಟೊಮೆಟೊದ ಎರಡು ತಾಕುಗಳಲ್ಲಿ ಒಂದಕ್ಕೆ ಹೊಸ ದ್ರವಗೊಬ್ಬರ ಸಿಂಪಡಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡರಲ್ಲೂ ನಲವತ್ತು ನಲವತ್ತು ಗಿಡಗಳ ಇಳುವರಿ ತೂಗಿದ್ದೀರಿ, ಮೊಬೈಲಿನ ಆ್ಯಪ್‌ನಲ್ಲಿ ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಲೆಕ್ಕ) ಮಾಡಿದಾಗ ಪಿ ಮೌಲ್ಯ 0.03 ಬಂದಿದೆ. ಅದಕ್ಕೆ ಈ ಗುಂಪಿನಲ್ಲಿ ಒಬ್ಬರು ‘ಗೊಬ್ಬರ ಕೆಲಸ ಮಾಡುತ್ತದೆ ಎಂಬುದು ಶೇ 97ರಷ್ಟು ಖಚಿತ’ ಎಂದು ಬರೆದಿದ್ದಾರೆ. ಮತ್ತೊಬ್ಬರು ಮೂರು ಜೋಡಿ ತಾಕುಗಳಲ್ಲಿ ಅದೇ ಗೊಬ್ಬರ ಹಾಕಿ ನೋಡಿ, ‘ಸಿಗ್ನಿಫಿಕೆಂಟ್ ಬರಲಿಲ್ಲ, ಆದ್ದರಿಂದ ಇದು ವ್ಯರ್ಥ’ ಎಂದಿದ್ದಾರೆ. ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ‘ಸಿಗ್ನಿಫಿಕೆಂಟ್’ ಎನ್ನುವುದು ರೂಢಿ. ನನ್ನ ದೃಷ್ಟಿಯಲ್ಲಿ ಈ ಎರಡು ತೀರ್ಮಾನಗಳೂ ನಿಲ್ಲುವುದಿಲ್ಲ. ಹಣ ಮತ್ತು ಒಂದು ಹಂಗಾಮಿನ ಶ್ರಮ ಎರಡೂ ಇದರ ಮೇಲೆ ನಿಂತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು 0.03ರ ಅರ್ಥ. ಪರೀಕ್ಷೆ ಶುರುವಾಗುವುದೇ ‘ಗೊಬ್ಬರದಿಂದ ಏನೂ ಆಗುವುದಿಲ್ಲ’ ಎಂದು ಇಟ್ಟುಕೊಳ್ಳುವುದರಿಂದ. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಅದು ನಿಜವೇ ಆಗಿದ್ದು, ಪರೀಕ್ಷೆಯ ಉಳಿದ ಷರತ್ತುಗಳೂ ಸರಿಯಾಗಿದ್ದರೆ, ತಮಗೆ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಮೂರು ಎಂದಷ್ಟೇ ಆ ಅಂಕಿ ಹೇಳುತ್ತದೆ. ಗೊಬ್ಬರಕ್ಕೆ ಗುಣವಿಲ್ಲ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ, ಗೊಬ್ಬರಕ್ಕೆ ಗುಣವಿರುವ ಸಾಧ್ಯತೆ ಎಷ್ಟು ಎಂದು ಹೇಳಲಾರದು. ಆದ್ದರಿಂದ ನೂರರಲ್ಲಿ ಮೂರು ಕಳೆದು ಶೇ 97 ಎಂದು ಓದುವುದು ತಪ್ಪು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿಯೂ ಇದನ್ನು ಸ್ಪಷ್ಟವಾಗಿ ಹೇಳಿದೆ.

ಆದರೆ ತಮ್ಮ ಪ್ರಯೋಗದ ನಿಜವಾದ ತೊಡಕು ಅದಕ್ಕೂ ಹಿಂದಿನದು. ತೂಗಿದ್ದು ಎಂಬತ್ತು ಗಿಡಗಳಾದರೂ ಗೊಬ್ಬರ ಹಾಕಿದ್ದು ಒಂದೇ ತಾಕಿಗೆ. ಒಂದು ತಾಕಿನ ನಲವತ್ತು ಗಿಡಗಳು ಒಂದೇ ಮಣ್ಣನ್ನು, ಒಂದೇ ನೀರನ್ನು, ಒಂದೇ ನೆರಳನ್ನು ಹಂಚಿಕೊಂಡಿರುತ್ತವೆ. ಅವು ನಲವತ್ತು ಪ್ರತ್ಯೇಕ ಸಾಕ್ಷಿಗಳಲ್ಲ. ಆ್ಯಪ್‌ಗೆ ಇದು ಗೊತ್ತಿಲ್ಲ, ಅದು ಎಂಬತ್ತು ಸ್ವತಂತ್ರ ಅಳತೆಗಳೆಂದು ನಂಬಿಯೇ ಲೆಕ್ಕ ಹಾಕಿದೆ. ಬಂದ 0.03ನ್ನು ಹೆಚ್ಚೆಂದರೆ ‘ಈ ಎರಡು ತಾಕುಗಳು ಒಂದೇ ತರಹ ಇಲ್ಲ’ ಎಂಬುದಕ್ಕೆ ಪುರಾವೆ ಎನ್ನಬಹುದು. ಆ ವ್ಯತ್ಯಾಸ ಗೊಬ್ಬರದ್ದೋ, ನೀರು ಮೊದಲು ತಲುಪುವ ತುದಿಯದ್ದೋ ಎಂದು ಬೇರ್ಪಡಿಸುವ ದಾರಿ ಈ ಲೆಕ್ಕದಲ್ಲಿ ಇಲ್ಲ. ಇನ್ನೂರು ಗಿಡ ತೂಗಿದ್ದರೂ ಪರಿಸ್ಥಿತಿ ಬದಲಾಗುತ್ತಿರಲಿಲ್ಲ, ಏಕೆಂದರೆ ಹೆಚ್ಚಬೇಕಾದದ್ದು ತಾಕುಗಳ ಸಂಖ್ಯೆ.

ಪ್ರಯೋಗ ರೂಪಿಸಿ ಲೆಕ್ಕ ಹಾಕುವ ಈ ವಿದ್ಯೆಯ ಬಹುಭಾಗ ಹುಟ್ಟಿದ್ದೇ ಹೊಲದಲ್ಲಿ ಎಂಬುದು ನಮ್ಮಂಥವರಿಗೆ ಸಂತೋಷದ ವಿಷಯ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು ಸೇರಿದ ಮೇಲೆ, ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಪ್ರಯೋಗ ಮಾಡುವವರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕು ಎಂಬ ನಿಯಮವನ್ನು ನೆಲೆಗೊಳಿಸಿದರು. ಪರೀಕ್ಷೆಯ ಲೆಕ್ಕಕ್ಕೆ ಆಧಾರ ಸಿಗುವುದು ಆ ಚೀಟಿಯಿಂದಲೇ. ಅದನ್ನು ಕೈಯಲ್ಲೇ ಮಾಡಿ ತೋರಿಸುತ್ತೇನೆ.

ಅಕ್ಕಪಕ್ಕದ ಎರಡೆರಡು ತಾಕುಗಳಂತೆ ಆರು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ನಾಣ್ಯ ಚಿಮ್ಮಿ ಒಂದು ತಾಕಿಗೆ ಮಾತ್ರ ಗೊಬ್ಬರ ಹಾಕಿದಿರಿ ಎಂದುಕೊಳ್ಳಿ. ಗೊಬ್ಬರ ಹಾಕಿದ ತಾಕಿನಲ್ಲಿ ಹೆಚ್ಚಿಗೆ ಬಂದ ಇಳುವರಿ ಕ್ರಮವಾಗಿ 4, 2, 5, 3, 1, 3 ಕಿಲೋ ಇರಲಿ, ಒಟ್ಟು 18. ಗೊಬ್ಬರದಿಂದ ಏನೂ ಆಗದಿದ್ದರೆ ಆ ತಾಕುಗಳು ಹೇಗಿದ್ದರೂ ಅಷ್ಟೇ ಕೊಡುತ್ತಿದ್ದವು. ನಾಣ್ಯ ಬೇರೆ ಮುಖವಾಗಿ ಬಿದ್ದಿದ್ದರೆ ಆಯಾ ಜೋಡಿಯ ವ್ಯತ್ಯಾಸದ ಚಿಹ್ನೆ ಮಾತ್ರ ತಿರುಗುತ್ತಿತ್ತು. ಆರು ನಾಣ್ಯಗಳು ಬೀಳುವ ಬಗೆ 64. ಅವುಗಳಲ್ಲಿ ಒಟ್ಟು +18 ಅಥವಾ −18 ಆಗುವುದು ಎರಡೇ ಬಗೆಯಲ್ಲಿ. 64ರಲ್ಲಿ 2, ಅಂದರೆ ಪಿ ಮೌಲ್ಯ 0.031.

ಈಗ ಐದನೆಯ ಜೋಡಿಯಲ್ಲಿ ಮಾತ್ರ 1 ಕಿಲೋ ಹೆಚ್ಚಾಗುವ ಬದಲು 1 ಕಿಲೋ ಕಡಿಮೆಯಾಗಿತ್ತು ಎನ್ನಿ. ಒಟ್ಟು 16. ಅಷ್ಟು ಅಥವಾ ಅದಕ್ಕಿಂತ ದೊಡ್ಡ ಮೊತ್ತ, ಹೆಚ್ಚಿನ ಕಡೆಗಾಗಲಿ ಕಡಿಮೆಯ ಕಡೆಗಾಗಲಿ, ಬರುವುದು 64ರಲ್ಲಿ 4 ಬಗೆಯಲ್ಲಿ. ಪಿ ಮೌಲ್ಯ 0.0625. ಒಂದೇ ಜೋಡಿಯಲ್ಲಿ ಆದ ಎರಡು ಕಿಲೋ ಬದಲಾವಣೆಯಿಂದ ಫಲಿತಾಂಶ 0.05ರ ಗೆರೆಯ ಈಚೆಯಿಂದ ಆಚೆಗೆ ಹೋಯಿತು. ಗೊಬ್ಬರದ ಗುಣ ಅಷ್ಟರಲ್ಲೇ ಮಾಯವಾಯಿತೆಂದು ಯಾರೂ ಹೇಳಲಾರರು. ಇಪ್ಪತ್ತಕ್ಕೆ ಒಂದು, ಅಂದರೆ 0.05, ಎಂಬುದು ಫಿಶರ್ ಅವರು 1920ರ ದಶಕದಲ್ಲಿ ಅನುಕೂಲಕ್ಕೆಂದು ಸೂಚಿಸಿದ ಮಿತಿ. ಅದನ್ನು ಸತ್ಯ ಮತ್ತು ಸುಳ್ಳಿನ ನಡುವಿನ ಗಡಿಯೆಂದು ನಡೆಸಿಕೊಳ್ಳುವುದು ನಮಗೇ ನಷ್ಟ.

ಇದೇ ಲೆಕ್ಕದಿಂದ ಮೂರು ಜೋಡಿ ತಾಕುಗಳ ಸ್ನೇಹಿತರಿಗೂ ಉತ್ತರ ಸಿಗುತ್ತದೆ. ಮೂರು ನಾಣ್ಯಗಳು ಬೀಳುವ ಬಗೆ ಎಂಟೇ. ಮೂರೂ ಜೋಡಿಗಳಲ್ಲಿ ಗೊಬ್ಬರವೇ ಗೆದ್ದರೂ ಪಿ ಮೌಲ್ಯ 8ರಲ್ಲಿ 2, ಅಂದರೆ 0.25ಕ್ಕಿಂತ ಕೆಳಗೆ ಇಳಿಯಲಾರದು. ಐದು ಜೋಡಿಗಳಿದ್ದರೂ 0.0625ಕ್ಕೆ ನಿಲ್ಲುತ್ತದೆ. ಟಿ-ಟೆಸ್ಟ್ ಇದಕ್ಕಿಂತ ಚಿಕ್ಕ ಅಂಕಿ ಕೊಡಬಹುದು, ಆದರೆ ಅದು ವ್ಯತ್ಯಾಸಗಳ ಹಂಚಿಕೆ ಇಂಥದ್ದೇ ಆಕಾರದಲ್ಲಿದೆ ಎಂದು ನಂಬಿ ಕೊಡುವ ಅಂಕಿ. ಮೂರು ಅಳತೆಗಳಿಂದ ಆ ನಂಬಿಕೆಯನ್ನು ಪರೀಕ್ಷಿಸಲು ಆಗುವುದಿಲ್ಲ. ಇರುವ ಗುಣವನ್ನು ಕಾಣದೆ ಹೋಗುವುದೂ ಒಂದು ತಪ್ಪೇ ಎಂದು, ಇಲ್ಲದ್ದನ್ನು ಕಂಡೆವೆನ್ನುವ ತಪ್ಪಿನ ಜೊತೆಗೇ ಅದನ್ನೂ ಲೆಕ್ಕಕ್ಕೆ ತಂದವರು ಸಂಖ್ಯಾಶಾಸ್ತ್ರಜ್ಞರಾದ ನೇಮನ್ ಮತ್ತು ಪಿಯರ್ಸನ್, 1933ರಲ್ಲಿ. ಆ ಸ್ನೇಹಿತರ ಪ್ರಯೋಗ ಗೊಬ್ಬರವನ್ನು ತಳ್ಳಿಹಾಕಿಲ್ಲ. ಅದಕ್ಕೆ ತೀರ್ಪು ಕೊಡುವಷ್ಟು ಬಲವೇ ಇರಲಿಲ್ಲ.

ಇಳುವರಿಯ ಜೊತೆಗೆ ಗಿಡದ ಎತ್ತರ, ಹೂವಿನ ಸಂಖ್ಯೆ, ಎಲೆಯ ಬಣ್ಣ ಎಲ್ಲವನ್ನೂ ಅಳೆದಿದ್ದೇನೆ ಎಂದೂ ತಾವು ಬರೆದಿದ್ದೀರಿ. ಅಳೆಯುವುದು ತಪ್ಪಲ್ಲ, ಆದರೆ ಯಾವುದರಲ್ಲಿ 0.05ಕ್ಕಿಂತ ಕಡಿಮೆ ಬಂತೋ ಅದನ್ನಷ್ಟೇ ಆರಿಸಿ ಹೇಳುವುದು ತಪ್ಪು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ, ಯಾವುದರಲ್ಲೂ ಹುರುಳಿಲ್ಲದಿದ್ದರೂ, ಒಂದಾದರೂ ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಸುಮಾರು ಶೇ 64. ವಾರ ವಾರ ಲೆಕ್ಕ ಹಾಕುತ್ತಾ ಅನುಕೂಲಕರ ಅಂಕಿ ಬಂದ ದಿನ ಪ್ರಯೋಗ ನಿಲ್ಲಿಸುವುದೂ ಇದೇ ಜಾತಿಯ ದೋಷ.

ಕೊನೆಗೆ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ಅದಕ್ಕೆ ಪಿ ಮೌಲ್ಯದಿಂದ ಉತ್ತರವಿಲ್ಲ, ವ್ಯತ್ಯಾಸದ ಗಾತ್ರ ಬೇಕು. ಮೇಲಿನ ಮೊದಲ ಉದಾಹರಣೆಯಲ್ಲಿ ಸರಾಸರಿ ಹೆಚ್ಚಳ ತಾಕಿಗೆ 3 ಕಿಲೋ. ಟಿ ಲೆಕ್ಕದ ಪ್ರಕಾರ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ (ಈ ಅಳತೆಗಳೊಂದಿಗೆ ಹೊಂದಿಕೆಯಾಗುವ ನಿಜವಾದ ಹೆಚ್ಚಳದ ವ್ಯಾಪ್ತಿ) ಸುಮಾರು 1.5ರಿಂದ 4.5 ಕಿಲೋ. ಗೊಬ್ಬರದ ಖರ್ಚು ಮತ್ತು ಸಿಂಪಡಣೆಯ ಕೂಲಿ ಹುಟ್ಟಲು ತಾಕಿಗೆ 1 ಕಿಲೋ ಹೆಚ್ಚಿಗೆ ಬಂದರೆ ಸಾಕು ಎಂದಾದರೆ ಧೈರ್ಯವಾಗಿ ಕೊಳ್ಳಬಹುದು. 2 ಕಿಲೋ ಬೇಕೆಂದಾದರೆ ಇನ್ನೊಂದು ಹಂಗಾಮು ನೋಡುವುದು ಒಳ್ಳೆಯದು. 5 ಕಿಲೋ ಬೇಕೆಂದಾದರೆ, ಪಿ ಮೌಲ್ಯ ಎಷ್ಟೇ ಚಿಕ್ಕದಿರಲಿ, ಬಿಟ್ಟುಬಿಡುವುದೇ ಸರಿ.

ಮುಂದಿನ ಸಲ ಎಂಟು ಜೋಡಿ ಚಿಕ್ಕ ತಾಕುಗಳನ್ನು ಮಾಡಿ. ಪಕ್ಕದ ತಾಕಿಗೆ ಸಿಂಪಡಣೆ ಹಾರದಂತೆ ನಡುವೆ ಒಂದು ಸಾಲು ಬಿಟ್ಟು, ಆ ಸಾಲನ್ನು ತೂಕಕ್ಕೆ ಸೇರಿಸಬೇಡಿ. ಗೊಬ್ಬರವಿಲ್ಲದ ತಾಕಿಗೂ ಅಷ್ಟೇ ಪ್ರಮಾಣದ ಬರೀ ನೀರು ಸಿಂಪಡಿಸಿ. ಒಟ್ಟು ಇಳುವರಿಯನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳುತ್ತೇನೆ, ಇಂಥ ಕೊಯ್ಲಿನವರೆಗೆ ತೂಗುತ್ತೇನೆ ಎಂದು ಮೊದಲ ಸಿಂಪಡಣೆಗೆ ಮುಂಚೆಯೇ ಈ ಗುಂಪಿನಲ್ಲಿ ಬರೆದು ಹಾಕಿ. ತೂಗುವವರಿಗೆ ಯಾವ ತಾಕಿಗೆ ಏನು ಹಾಕಿದೆ ಎಂಬುದು ತಿಳಿಯದಂತೆ ತಾಕುಗಳಿಗೆ ಸಂಖ್ಯೆ ಮಾತ್ರ ಕೊಟ್ಟಿರಿ. ಹದಿನಾರು ತೂಕಗಳನ್ನೂ, ಗೆದ್ದವು ಸೋತವು ಎನ್ನದೆ, ಇಲ್ಲಿ ಹಾಕಿದರೆ ಲೆಕ್ಕ ಮಾಡಿಕೊಡಲು ನಾನು ಸಿದ್ಧನಿದ್ದೇನೆ.