ಹಳೇ ಹೂಜಿಯ ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ: ಅಟ್ಟ ಖಾಲಿ ಮಾಡುವಾಗ ಹಿಡಿಕೆ ಇರುವ ಕಂದು ಹೂಜಿಯೊಂದು ಸಿಕ್ಕಿತು. ಮೈ ತರಿತರಿ. ತಳದಲ್ಲಿ ‘ಡೌಲ್ಟನ್ ಲ್ಯಾಂಬೆತ್’ ಎಂದು ಒತ್ತಿದ ಇಂಗ್ಲಿಷ್ ಅಕ್ಷರಗಳಿವೆ. ಮನೆಯಲ್ಲಿ ಪೋರ್ಚುಗೀಸರ ಕಾಲದ್ದು ಅಂತಾರೆ. ಹೌದೇ? ಇದರಲ್ಲಿ ಅಪ್ಪೆಮಿಡಿ ಹಾಕಬಹುದೇ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಪೋರ್ಚುಗೀಸರದ್ದಲ್ಲ. ಲ್ಯಾಂಬೆತ್ ಇರುವುದು ಲಂಡನ್ನಿನಲ್ಲಿ. 1850ರ ದಶಕದವರೆಗೆ ಆ ಕಾರ್ಖಾನೆಯ ಹೆಸರು ‘ಡೌಲ್ಟನ್ ಆಂಡ್ ವಾಟ್ಸ್’. ನಿಮ್ಮ ಮುದ್ರೆ ಅದರ ನಂತರದ್ದು. ಜೊತೆಗೆ ‘ಇಂಗ್ಲೆಂಡ್’ ಎಂದೂ ಇದ್ದರೆ ಸಾಮಾನ್ಯವಾಗಿ 1891ರಿಂದ ಈಚಿನದು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಹಟ ಹಿಡಿದದ್ದು ಆಗ. ಆ ಪದ ಇಲ್ಲವೆಂದ ಮಾತ್ರಕ್ಕೆ ಹೂಜಿ ಅದಕ್ಕಿಂತ ಹಳೆಯದೆಂದು ತೀರ್ಮಾನಿಸಬೇಡಿ. ಎಲ್ಲ ಸರಕಿಗೂ ಅದನ್ನು ಒತ್ತುತ್ತಿರಲಿಲ್ಲ.

ಮುದ್ರೆಯನ್ನು ಯಾರೂ ನಕಲು ಮಾಡಬಹುದು, ಹಾಗಾಗಿ ಮೈ ನೋಡಿ. ಭಟ್ಟಿ 1200 ಡಿಗ್ರಿ ದಾಟಿದ ಮೇಲೆ ಅಡುಗೆ ಉಪ್ಪನ್ನೇ ಒಳಗೆ ಎಸೆಯುತ್ತಿದ್ದರು. ಅದರ ಸೋಡಿಯಂ ಆವಿ ಮಣ್ಣಿನ ಸಿಲಿಕಾ ಜೊತೆ ಸೇರಿ ಗಾಜಾಗುತ್ತದೆ, ಕಿತ್ತಳೆ ಸಿಪ್ಪೆಯಂಥ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಆವಿ ಹೆಚ್ಚು ತಾಗಿದ ಕಡೆ ಹೊಳಪು ದಪ್ಪ, ಮರೆಯಲ್ಲಿ ತೆಳು. ಸುತ್ತಲೂ ಒಂದೇ ಸಮ ಗುಳಿಯಿದ್ದು ಅಚ್ಚಿನ ಗೆರೆಯೂ ಕಂಡರೆ ಅನುಮಾನಪಡಿ. ತಳದ ಸವೆತ ನೆಲಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಇರಬೇಕು. ಒಳಗುಳಿಯೂ ಕಪ್ಪಾಗಿದ್ದರೆ ಒದ್ದೆ ಹತ್ತಿಯಿಂದ ಒರೆಸಿ, ಬಳಿದ ಬಣ್ಣ ಹತ್ತಿಗೆ ಅಂಟೀತು.

ಅಪ್ಪೆಮಿಡಿ ಬೇಡ. ಉಪ್ಪಿನ ಹೊಳಪಿನಲ್ಲಿ ಸೀಸ ಇರುವುದಿಲ್ಲ, ನಿಜ. ಆದರೆ ಬಾಯಿ ಕಿರಿದಾದ ಹೂಜಿಯ ಒಳಕ್ಕೆ ಆವಿ ಸರಿಯಾಗಿ ಹೋಗುವುದಿಲ್ಲ, ಅಲ್ಲಿ ಬೇರೆ ಲೇಪ ಕೊಟ್ಟಿರುತ್ತಾರೆ. ಮೊದಲು ಅದರಲ್ಲಿ ಸೀಮೆಎಣ್ಣೆಯಿತ್ತೋ ಏನಿತ್ತೋ! ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಸೀಳಿದೆ. ಸೀಳಿನಲ್ಲಿ ಬಿಳಿ ಪುಡಿ ಏಳುತ್ತಿದ್ದರೆ ಅದು ಒಳಗಿಳಿದ ಉಪ್ಪು. ಸಿಹಿನೀರಲ್ಲಿ ಮುಳುಗಿಸಿಡಿ, ದಿನಾ ನೀರು ಬದಲಿಸಿ. ಒಣಗಿಸಿದಾಗ ಪುಡಿ ಮತ್ತೆ ಕಾಣದ ತನಕ ಬಿಡಬೇಡಿ. ಕುದಿಯುವ ನೀರು ಹೊಯ್ದರೆ ಸೀಳು ಬೆಳೆಯುತ್ತದೆ.

ಪ್ರಶ್ನೆ: ನಮ್ಮ ಉಪ್ಪಿನಕಾಯಿ ಭರಣಿ ಮೇಲೆ ಕಂದು, ಕೆಳಗೆ ಕೆನೆಬಣ್ಣ. ಅದೂ ಉಪ್ಪಿನ ಹೊಳಪೇ?
– ಓದುಗರು, ಶಿರಸಿ

ಉತ್ತರ: ಅಲ್ಲ, ಅದು ದ್ರವದಲ್ಲಿ ಅದ್ದಿ ಸುಟ್ಟದ್ದು. ಬಣ್ಣ ಕೂಡುವಲ್ಲಿ ನೇರ ಗೆರೆ ಇರುತ್ತದೆ, ಮೈ ನುಣುಪು. ಈ ಪದ್ಧತಿ ಶುರುವಾದದ್ದು ಸುಮಾರು 1835ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ನಮ್ಮ ದೇಶದಲ್ಲಿ ಇಂಥವನ್ನು ಈಗಲೂ ಮಾಡುತ್ತಾರೆ. ಹಾಗಾಗಿ ಬಣ್ಣ ನೋಡಿ ವಯಸ್ಸು ಹೇಳಲಾಗದು. ನಿಜವಾದ ಉಪ್ಪಿನ ಹೊಳಪು ಹೇಗಿರುತ್ತದೆಂದು ನೋಡಬೇಕಿದ್ದರೆ ಹಳೇ ಕಟ್ಟಡದ ಕಂದು ಚರಂಡಿ ಪೈಪ್ ಮುಟ್ಟಿ ನೋಡಿ.